ಮಾವನ ಮನೆಗೆ ಬಂದ ಆರು ಕಾಲಿನ ಬಸವಣ್ಣ

ನಮ್ಮ ಅಣ್ಣ ಶಿವಯೋಗೆಪ್ಪನ ಬಗ್ಗೆ ಬಬಲೇಶ್ವರದಲ್ಲಿ ಒಂದು ಮಾತಿತ್ತು: ಎತ್ತು ಸತ್ತರೂ ಅವನಿಗೆ ಚಿಂತೆಯಿಲ್ಲ, ಅದರ ಮೈಮೇಲಿನ ನೊಣ ಎಲ್ಲಿಗೆ ಹೋಯಿತು ಎಂಬುದೇ ಚಿಂತೆ. ಇದು ಶುದ್ಧ ಸುಳ್ಳು. ಎತ್ತಿನ ಚಿಂತೆಯೂ ಅವನಿಗೆ ಇತ್ತು. ಯಾವುದು ಮೊದಲು ಎಂದು ಕೇಳಿದರೆ ಮಾತ್ರ ಒಡಹುಟ್ಟಿದ ನಾನೂ ಸ್ವಲ್ಪ ತಡವರಿಸಬೇಕಾಗುತ್ತದೆ.

ಅಣ್ಣ ಅಲ್ಲಿನ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್ ಆಗಿದ್ದ. ಡಾಕ್ಟರ್ ಸಾಹೇಬರು ವಾರಕ್ಕೊಮ್ಮೆ ವಿಜಾಪುರದಿಂದ ಬಂದು ಹೋಗುವರು. ಉಳಿದ ದಿನ ಎಮ್ಮೆಯ ಹೊಟ್ಟೆ ಉಬ್ಬರಿಸಲಿ, ಎತ್ತಿನ ಹೆಗಲಿಗೆ ಹುಣ್ಣಾಗಲಿ, ಎಲ್ಲಕ್ಕೂ ಅಣ್ಣನೇ. ನಾನು ಒಕ್ಕಲುತನ ಮಾಡುವವ. ನನಗೆ ನೊಣವೆಂದರೆ ಹೊಡೆಯುವ ವಸ್ತು. ಅವನಿಗೆ ನೊಣವೆಂದರೆ ಎರಡು ಬೆರಳಲ್ಲಿ ಮೆತ್ತಗೆ ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಮನೆಗೆ ತಂದು, ಸರಿಯಾಗಿ ಊಟದ ಹೊತ್ತಿಗೆ ತೆರೆದು ತೋರಿಸುವ ವಸ್ತು. ನಮ್ಮ ಮನೆಯಲ್ಲಿ ಬೀಡಿ ಸೇದುವವರೇ ಇಲ್ಲದಿದ್ದರೂ ಕಡ್ಡಿಪೆಟ್ಟಿಗೆ ಸಾಲುತ್ತಿರಲಿಲ್ಲ.

ಅದರಲ್ಲೂ ಒಂದು ನೊಣದ ಮೇಲೆ ಅವನಿಗೆ ಜೀವ. ದನದ ನೊಣ; ತೊಣಚಿ ಎಂದರೂ ನಡೆಯುತ್ತದೆ. ಎತ್ತಿನ ಬಾಲದ ಬುಡದಲ್ಲಿ, ತೊಡೆಯ ಸಂದಿಯಲ್ಲಿ, ಎಲ್ಲಿ ಚರ್ಮ ಮೆತ್ತಗೋ ಅಲ್ಲಿ ಕೂತು ರಕ್ತ ಹೀರುವ, ಕಂದು ಮೈಯ ಮೇಲೆ ಹಳದಿ ಚಿಕ್ಕೆಯ ನೊಣ. ಕೈಯಿಂದ ಅಪ್ಪಳಿಸಿದರೆ ಸಾಯುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿ ತಿಕ್ಕಿದರೂ, ಏನೂ ಆಗಿಲ್ಲವೆಂಬಂತೆ ಎದ್ದು, ಏಡಿಯ ಹಾಗೆ ಅಡ್ಡಡ್ಡ ಓಡಿ, ಮತ್ತೆ ಅಲ್ಲೇ ಕೂರುತ್ತದೆ. ಅಷ್ಟು ಗಟ್ಟಿ ಚರ್ಮ. ನನಗೆ ಸಿಟ್ಟು ಬರುವುದೇ ಅದಕ್ಕೆ. ಅಣ್ಣನಿಗೆ ಪ್ರೀತಿ ಬಂದದ್ದೂ ಅದಕ್ಕೇ.

ಭೂತಗನ್ನಡಿ ಹಿಡಿದು ಅವನು ಅದರ ಅಂಗಾಂಗ ವರ್ಣಿಸತೊಡಗಿದರೆ ಬಡಿಸಿದ ಸಾರು ಆರಿ ಹೋಗುತ್ತಿತ್ತು. ಮೈ ತಟ್ಟಿದ ರೊಟ್ಟಿಯಷ್ಟು ಚಪ್ಪಟೆ ಏಕೆಂದರೆ ಕೂದಲಿನ ಸಂದಿಯಲ್ಲಿ ನುಸುಳಬೇಕು. ಆರು ಕಾಲಿಗೂ ಕೊಕ್ಕೆಯಂಥ ಉಗುರು ಏಕೆಂದರೆ ಎತ್ತು ಮೈ ಕೊಡವಿದಾಗ ಬೀಳಬಾರದು. ಬಾಯಲ್ಲಿ ಹಲ್ಲಿಲ್ಲ, ಸೂಜಿಯಂಥ ಕೊಳವೆಯಿದೆ. ರೆಕ್ಕೆ ಎರಡೇ, ಹಿಂದಿನ ಎರಡು ರೆಕ್ಕೆ ಇರಬೇಕಾದಲ್ಲಿ ಅಂಗಿಯ ಗುಂಡಿಯಂಥ ಎರಡು ಸಣ್ಣ ಗುಂಡಿಗಳಿವೆ, ಹಾರುವಾಗ ತೂಕ ಕಾಯಲು, ಹಗ್ಗದ ಮೇಲೆ ನಡೆಯುವ ದೊಂಬರಾಕೆಯ ಕೈಯಲ್ಲಿನ ಬಡಿಗೆಯಂತೆ. ಕೊನೆಗೆ ಶಾಸ್ತ್ರದ ಹೆಸರು: ಹಿಪ್ಪೊಬೊಸ್ಕಾ ಮ್ಯಾಕ್ಯುಲೇಟಾ. ನಮ್ಮವ್ವ ಅದನ್ನು ಯಾವುದೋ ಮಂತ್ರವೆಂದು ತಿಳಿದು, ಪ್ರತಿ ಸಲ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ದನಕ್ಕೆ ಮುತ್ತುವ ನೊಣಗಳನ್ನೆಲ್ಲ ಅವನು ತನ್ನದೇ ರೀತಿಯಲ್ಲಿ ಪಂಗಡ ಮಾಡಿದ್ದ. ಬಂದು ಕೂತು ಹೋಗುವವು ಒಂದು ಪಂಗಡ. ಮನೆಯ ನೊಣ ಅದರಲ್ಲಿ. ಬಂದು ಕಚ್ಚಿ ಹೋಗುವವು ಇನ್ನೊಂದು. ಕೆಲವು ಹುಣ್ಣಿನಲ್ಲಿ ಮರಿ ಬಿಟ್ಟು ತಾವು ಪರಾರಿಯಾಗುತ್ತವೆ. ಎಲ್ಲಕ್ಕಿಂತ ಮೇಲಿನದು, ಬಂದರೆ ಏಳದ ಪಂಗಡ. ನಮ್ಮ ದನದ ನೊಣ ಅದಕ್ಕೆ ಸೇರಿದ್ದು. ಅರವತ್ತನೆಯ ಇಸವಿಯ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ, ಯಾರೋ ಚುಡಾಯಿಸಿದರೆಂದು ಈ ಪುಣ್ಯಾತ್ಮ ಬೀಗರನ್ನೂ ಅದೇ ಲೆಕ್ಕದಲ್ಲಿ ಪಂಗಡ ಮಾಡಲು ಹೊರಟ. ಕಾಖಂಡಕಿಯ ಅತ್ತೆ ಕೂತು ಹೋಗುವವಳು. ಕಂದಾಯ ವಸೂಲಿ ಮಾಡುವ ತಲಾಠಿ ಬೀಗ ಕಚ್ಚಿ ಹೋಗುವವನು. ಸುಗ್ಗಿಗೆ ಬಂದರೆ ಯುಗಾದಿಯವರೆಗೆ ಏಳದ ಶಿವಶರಣಪ್ಪ ಮಾವ ಯಾವ ಪಂಗಡವೆಂದು ಬಿಡಿಸಿ ಹೇಳಲಿಲ್ಲ, ಕಡ್ಡಿಪೆಟ್ಟಿಗೆ ತೆರೆದು ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ನೀರು ಕುಡಿಯಲು ಹೋಗಿದ್ದ ಮಾವ ಜೋಳದ ಬೆಳೆಯ ಮರೆಯಲ್ಲೇ ನಿಂತಿದ್ದ.

ಮಾವ ನಿಂತ ಕಾಲಲ್ಲೇ ಗಾಡಿ ಕಟ್ಟಿಸಿದ. ಕೈಯಲ್ಲಿದ್ದ ಸಜ್ಜೆಯ ಕಡಬನ್ನು ಮಾತ್ರ ಬಿಡಲಿಲ್ಲ, ತಿನ್ನುತ್ತಲೇ ಹೋದ.

ಈ ಶಿವಶರಣಪ್ಪ ನಮ್ಮವ್ವನ ತಮ್ಮ. ವಿಜಾಪುರದ ಪ್ಯಾಟಿಯಲ್ಲಿ ಅವನದು ರೈತರ ಜೋಳ ಮಾರಿಸಿ ದಲಾಲಿ ಪಡೆಯುವ ಅಡತಿ ಅಂಗಡಿ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಮುರಿಗೆವ್ವ. ಆಕೆ ಶಿವಯೋಗೆಪ್ಪನಿಗೇ ಎಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಎಳ್ಳ ಅಮಾವಾಸ್ಯೆ ಕಳೆದ ವಾರಕ್ಕೆ ಮಾವನಿಂದ ನಮ್ಮವ್ವನಿಗೆ ಬೇರೆ ಮಾತು ಬಂತು: ಹುಳ ಹಿಡಿಯುವವನಿಗೆ ಮಗಳನ್ನು ಕೊಡುವುದಿಲ್ಲ, ಆ ನೌಕರಿ ಬಿಟ್ಟು ತನ್ನ ಅಂಗಡಿಯ ಗಾದಿಯ ಮೇಲೆ ಕೂತರೆ ಕೊಡುತ್ತೇನೆ, ಮಣ್ಣಿನ ಎತ್ತು ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಹೂಂ ಅಥವಾ ಉಹೂಂ ಆಗಬೇಕು. ಅಮಾವಾಸ್ಯೆ ದಾಟಿದರೆ ಆಷಾಢ, ಶುಭದ ಮಾತಿಲ್ಲ. ಆಷಾಢ ಕಳೆದರೆ ಅಥಣಿಯ ಬಟ್ಟೆ ಅಂಗಡಿಯ ಹುಡುಗನೊಬ್ಬ ಕಾದಿದ್ದಾನೆ.

ಅಣ್ಣ ಬಾಡಿಹೋದ. ಮುರಿಗೆವ್ವ ಎಂದರೆ ಅವನಿಗೆ ಎಷ್ಟು ಪ್ರಾಣವೆಂದು ನನಗೆ ಗೊತ್ತಿತ್ತು. ಅವನ ನೊಣದ ಪುರಾಣವನ್ನು ಆಕಳಿಸದೆ ಕೇಳಿದ ಒಂದೇ ಜೀವ ಆಕೆ. ಒಮ್ಮೆ ತಮ್ಮ ಆಕಳ ಮೈಮೇಲಿಂದ ತಾನೇ ಒಂದು ನೊಣ ಹಿಡಿದು, ಸುಣ್ಣದ ಡಬ್ಬಿಯಲ್ಲಿ ಹಾಕಿ, ನಮ್ಮವ್ವನ ಕೈಯಲ್ಲಿ ಅಣ್ಣನಿಗೆ ಕಳಿಸಿದ್ದಳು. ಅಂಥ ಹೆಣ್ಣು ಜಿಲ್ಲೆಯಲ್ಲಿ ಇನ್ನೊಬ್ಬಳು ಸಿಗುತ್ತಾಳೆಯೇ? ಸಿಕ್ಕರೂ ಬೇಕೇ ಎಂಬುದು ಬೇರೆ ಪ್ರಶ್ನೆ. ಅಣ್ಣನಿಗಂತೂ ಬೇಕಿತ್ತು. ನೊಣವೂ ಬೇಕಿತ್ತು.

ಹೀಗೆ ಒಳಗೊಳಗೇ ಬೇಯುತ್ತಿರುವಾಗ ಡಾಕ್ಟರ್ ಸಾಹೇಬರದು ಒಂದು ಹುಕುಂ ಬಂತು. ಅಮಾವಾಸ್ಯೆಯ ಮರುದಿನ ಬಬಲೇಶ್ವರದಲ್ಲಿ ದನಗಳ ಪ್ರದರ್ಶನವಿದೆ. ದನದ ನೊಣದ ದೊಡ್ಡ ಗೊಂಬೆಯೊಂದು ಬೇಕು, ದೂರ ನಿಂತ ರೈತರಿಗೂ ಕಾಲು ರೆಕ್ಕೆ ಎಲ್ಲ ಕಾಣಬೇಕು. ಅಣ್ಣ ಕೂಡಲೇ ಟಿಕೋಟಾಕ್ಕೆ, ಕುಂಬಾರ ಪರಸವ್ವನ ಹತ್ತಿರ ಹೋದ. ಮಣ್ಣೆತ್ತು ಎಂದರೆ ಆ ಸುತ್ತಿನಲ್ಲಿ ಪರಸವ್ವನ ಕೈಯದೇ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ. ನೊಣದ ವಿಷಯಕ್ಕೆ ಒಬ್ಬನೇ ಹೋದರೆ ಜನ ಹುಚ್ಚನೆನ್ನುತ್ತಾರೆ, ಇಬ್ಬರಾದರೆ ಸರ್ಕಾರಿ ಕೆಲಸ ಎಂದುಕೊಳ್ಳುತ್ತಾರೆ ಎಂಬುದು ಅವನ ಅನುಭವ.

ಪರಸವ್ವ ಕಡ್ಡಿಪೆಟ್ಟಿಗೆಯೊಳಗಿನದನ್ನು ನೋಡಿದಳು, ಭೂತಗನ್ನಡಿಯಲ್ಲೂ ನೋಡಿದಳು. ಮಾಡಿಕೊಡುತ್ತೇನೆ, ಆದರೆ ಒಂದು ವಸ್ತು ಮಾಡುವ ಮೊದಲು ಅದು ಏನೆಂಬುದು ನನ್ನ ಕೈಗೆ ಗೊತ್ತಾಗಬೇಕು ಎಂದು ಕೂತು ವಿಚಾರಿಸತೊಡಗಿದಳು.

"ತತ್ತಿ ಎಷ್ಟ ಇಡ್ತೈತಿ?"

"ತತ್ತಿ ಇಡೂದಿಲ್ಲಬೇ," ಅಂದ ಅಣ್ಣ. "ಒಂದ ಮರೀ ಹೊಟ್ಟ್ಯಾಗ ಇಟಗೊಂಡು, ಒಳಗ ಹಾಲ ಕುಡಿಸಿ, ದೊಡ್ಡದ ಮಾಡಿ ಆಮ್ಯಾಲ ಇಳಸ್ತೈತಿ."

"ಒಂದ ಸಲಕ್ಕ ಒಂದ?"

"ಒಂದ."

"ಹಾಲ?"

"ಹಾಲಿನಂಥಾದ್ದು."

ಪರಸವ್ವ ಕಡ್ಡಿಪೆಟ್ಟಿಗೆ ಮುಚ್ಚಿದಳು. "ಹಂಗಾರ ಇದು ನೊಣಾ ಅಲ್ಲೋ ಯಪ್ಪಾ. ದನಾ."

ಅಣ್ಣ ಹೌಹಾರಿದ. ರೆಕ್ಕೆ ತೋರಿಸಿದ, ಗುಂಡಿ ತೋರಿಸಿದ, ಎರಡು ರೆಕ್ಕೆ ಇದ್ದದ್ದೆಲ್ಲ ನೊಣದ ಕುಲ ಎಂದು ಶಾಸ್ತ್ರವಿದೆ ಎಂದ. ರೆಕ್ಕೆಯನ್ನು ಗೋಡೆಯ ಮೇಲೆ ಕುದುರೆಗೂ ಬರೆಯುತ್ತಾರೆ, ಹಾಗೆಂದು ಕುದುರೆ ಹಕ್ಕಿಯಾಯಿತೇ ಎಂದು ಅವಳು ಕೇಳಿದಳು. ತೊಟ್ಟ ಅರಿವೆ ನೋಡಿ ಕುಲ ಹೇಳಬಾರದು, ಹಡೆಯುವ ರೀತಿ ನೋಡಿ ಹೇಳಬೇಕು. ದನದ ಹಾಗೆ ಒಂದೇ ಹಡೆಯುತ್ತದೆ, ದನದ ಹಾಗೆ ಹಾಲು ಕುಡಿಸುತ್ತದೆ, ಇರುವುದೂ ದನದ ಮೈಮೇಲೆ. ಇನ್ನೇನು ಬೇಕು? ನನಗೆ ಅವಳ ಮಾತೇ ಸರಿ ಅನಿಸಿತು.

ಅಮಾವಾಸ್ಯೆಯ ಬೆಳಿಗ್ಗೆ ಒಯ್ಯಲು ಹೋದಾಗ ಗೊಂಬೆ ತಯಾರಿತ್ತು. ಒಂದು ಮೊಳ ಉದ್ದ, ಬಿಸಿಲಿಗೆ ಚೆನ್ನಾಗಿ ಒಣಗಿತ್ತು. ಆರು ಕಾಲು, ಆರಕ್ಕೂ ಉಗುರು, ಮುಂದೆ ಕೊಳವೆ, ಬೆನ್ನ ಮೇಲೆ ಒಂದರ ಮೇಲೊಂದು ಮಡಚಿದ ರೆಕ್ಕೆ. ಕಣ್ಣಿಗೆ ಗುಲಗಂಜಿ ಒತ್ತಿದ್ದಳು, ಎತ್ತಿಗೆ ಒತ್ತುವ ಹಾಗೆ. ಕುತ್ತಿಗೆಯ ಹಿಂದೆ ಎತ್ತಿನದೇ ಡುಬ್ಬ, ಒಂದು ಚೆಂದದ ಇಣಿ. ಅಣ್ಣ ಇಣಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ತೆಗೆಯಲು ಹೋದರೆ ಒಣಗಿದ ಮಣ್ಣು, ಬೆನ್ನೇ ಸೀಳುತ್ತಿತ್ತು. ಪರಸವ್ವನಿಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಇಣಿಯಿಲ್ಲದ ದನ ತನ್ನ ಅಂಗಳದಿಂದ ಇದುವರೆಗೆ ಹೊರಬಿದ್ದಿಲ್ಲ, ಮುಂದೆಯೂ ಬೀಳುವುದಿಲ್ಲ ಎಂದಳು.

ಗೊಂಬೆಯನ್ನು ಧೋತರದಲ್ಲಿ ಕಟ್ಟಿ ವಿಜಾಪುರದ ಬಸ್ಸು ಹತ್ತಿದೆವು. ಬಬಲೇಶ್ವರಕ್ಕೆ ಬಸ್ಸು ಬದಲಿಸುವುದು ಅಲ್ಲಿಯೇ. ಆಗ ಊರ ಹೊರಗಿದ್ದ ಅಥಣಿ ರಸ್ತೆಯ ನಾಲ್ಕೈದು ಮನೆಗಳಲ್ಲಿ ಮಾವನದೂ ಒಂದು. ಅಲ್ಲಿ ಇಳಿದು ಉತ್ತರ ಹೇಳಿಯೇ ಮುಂದೆ ಹೋಗಬೇಕಿತ್ತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡ ಅಣ್ಣ ಧೋತರವನ್ನು ಮತ್ತೊಮ್ಮೆ ಬಿಗಿದು ಕಟ್ಟಿದ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಅಂದ: "ತಮ್ಮಾ, ನೌಕರಿ ಬಿಡ್ತೇನಿ. ಮುರಿಗೆವ್ವನ್ನ ಬಿಡಾಕ ಆಗೂದಿಲ್ಲ. ಇದ ನನ್ನ ಕಡೀ ನೊಣಾ." ಅವನ ನೊಣಗಳನ್ನು ಜೀವಮಾನವೆಲ್ಲ ಬೈದವನು ನಾನು. ಆದರೆ ಗಾದಿಯ ಮೇಲೆ ಕೂತು ಜೋಳದ ಧಾರಣೆ ಕೂಗುವ ಶಿವಯೋಗೆಪ್ಪನನ್ನು ನೆನೆದರೆ ಅಳುವೇ ಬಂತು.

ಅಷ್ಟರಲ್ಲಿ ಕುರಿಹಿಂಡು ಅಡ್ಡ ಬಂತೆಂದು ಡ್ರೈವರ್ ಬ್ರೇಕು ಹಾಕಿದ. ಮೇಲಿನ ಹಲಗೆಯಿಂದ ಯಾರದೋ ಈರುಳ್ಳಿ ಚೀಲ ಗಂಟಿನ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ನಡುವಿನ ಎರಡು ಕಾಲು ಮುರಿದಿದ್ದವು, ಮುಂದಿನ ಕೊಳವೆ ಚೂರಾಗಿ ಬರೀ ಗಿಡ್ಡ ಮೂತಿ ಉಳಿದಿತ್ತು. ಅಣ್ಣ ಎರಡೂ ಕಾಲುಗಳನ್ನು ಅಂಗಿಯ ಕಿಸೆಯಲ್ಲಿ ಜೋಪಾನವಾಗಿ ಇಟ್ಟುಕೊಂಡ. ಈಗ ಲೆಕ್ಕ ಹಾಕಿ: ನಾಲ್ಕು ಕಾಲು, ಗಿಡ್ಡ ಮೂತಿ, ಗುಲಗಂಜಿ ಕಣ್ಣು, ಇಣಿ, ಬೆನ್ನ ಮೇಲೆ ಎತ್ತಿಗೆ ಹೊದಿಸುವ ಝೂಲದಂಥ ರೆಕ್ಕೆ. ನಮಗೆ ಅದು ಹೊಳೆಯಲೇ ಇಲ್ಲ. ನಾವು ನೋಡುತ್ತಿದ್ದದ್ದು ನೊಣವನ್ನು.

ಮಾವನ ಮನೆಯ ಕಟ್ಟೆಯ ಮೇಲೆ ಗಂಟು ಇಳಿಸಿ, ಇನ್ನೇನು ಮುರಿಯಿತೋ ಎಂದು ನಾನು ಧೋತರ ಬಿಚ್ಚಿದೆ. ಮಾವ ಮಡಿಯಲ್ಲಿ ಹೊರಗೆ ಬಂದ. ಆ ಅಮಾವಾಸ್ಯೆಯ ದಿನ ಮಣ್ಣಿನ ಬಸವಣ್ಣ ಯಾರ ಕೈಯಲ್ಲೇ ಹೊಸ್ತಿಲಿಗೆ ಬರಲಿ, ನೀರು ಹಾಕಿ, ಆರತಿ ಬೆಳಗಿ ಒಳಗೆ ಕರೆದುಕೊಳ್ಳಬೇಕೆಂಬುದು ಅವನ ಮನೆಯ ರೂಢಿ. ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಅಲ್ಲಿಯವರೆಗೆ ಬೇರೆ ಮಾತೂ ಆಡುವಂತಿಲ್ಲ. ಅವನು ಅಣ್ಣನ ಮುಖ ನೋಡಲಿಲ್ಲ, ಗೊಂಬೆಯ ಮುಖ ನೋಡಿದ. ಪರಸವ್ವನ ಕೈ ಎಂದು ಗುರುತು ಹಿಡಿದು ತಲೆದೂಗಿದ. ಅಣ್ಣ ಬಾಯಿ ತೆರೆದರೆ ಮಾವ ಕೈಯೆತ್ತಿ ತಡೆದ. ಪೂಜೆಗೆ ಮೊದಲು ಮಾತಿಲ್ಲ. ಮುರಿಗೆವ್ವ ಆರತಿ ಹಿಡಿದು ಬಂದಳು. ಗೊಂಬೆಯನ್ನು ಒಮ್ಮೆ ನೋಡಿದಳು, ಅಣ್ಣನನ್ನು ಒಮ್ಮೆ ನೋಡಿದಳು, ತುಟಿ ಕಚ್ಚಿಕೊಂಡು ಆರತಿ ಬೆಳಗಿದಳು.

ಆಮೇಲಿನದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮಾವ ನೊಣವನ್ನು ಮಣೆಯ ಮೇಲೆ ಕೂರಿಸಿ ಹಣೆಗೆ ವಿಭೂತಿ ಬಳಿದ, ಇಣಿಗೆ ಹೂವು ಏರಿಸಿದ, ಮೂತಿಯ ಮುಂದೆ ತುಪ್ಪ ಸುರಿದ ಹೋಳಿಗೆ ಇಟ್ಟ. ಅದು ಹೋಳಿಗೆ ತಿನ್ನುವುದಿಲ್ಲ, ರಕ್ತ ಮಾತ್ರ ಎಂದು ಅಣ್ಣ ನನ್ನ ಕಿವಿಯಲ್ಲಿ ಗೊಣಗಿದ. ನಾನು ಅವನ ಕಾಲು ತುಳಿದೆ. ಕೊನೆಗೆ ಮಾವ, ಪ್ಯಾಟಿಯಲ್ಲಿ ಯಾರಿಗೂ ತಲೆ ಬಾಗಿಸದ ಅಡತಿ ಶಿವಶರಣಪ್ಪ, ಆ ನೊಣದ ಮುಂದೆ ಉದ್ದಕ್ಕೆ ಅಡ್ಡಬಿದ್ದ.

ಸರಿಯಾಗಿ ಆ ಹೊತ್ತಿಗೆ ಎದುರು ಮನೆಯ ಸೈಫುದ್ದೀನ ಒಳಗೆ ಬಂದ. ಗೋಳಗುಮ್ಮಟ ನೋಡಲು ಬಂದವರನ್ನು ಟಾಂಗಾದಲ್ಲಿ ಊರೆಲ್ಲ ತಿರುಗಿಸುವವನು. ಪ್ರತಿ ವರ್ಷ ಈ ಹೋಳಿಗೆ ತಪ್ಪಿಸಿದವನಲ್ಲ. ಮಣೆಯ ಮೇಲಿದ್ದದ್ದನ್ನು ಬಗ್ಗಿ ನೋಡಿ ಸಹಜವಾಗಿ ಅಂದ: "ಸಾವಕಾರ್ರ, ಇದು ನಮ್ಮ ಕುದರೀ ಬಾಲದ ಬುಡಕ ಕುಂದ್ರೂ ನೊಣಾ ಅಲ್ಲೇನ್ರಿ? ಕಾಲ ಎರಡು ಕಡಿಮಿ ಅದಾವ ನೋಡ್ರಿ."

ಮಾವ ಅಡ್ಡಬಿದ್ದಲ್ಲಿಂದ ಏಳಲಿಲ್ಲ. ಮಲಗಿಕೊಂಡೇ ತಲೆಯೆತ್ತಿ ಗೊಂಬೆ ನೋಡಿದ, ಆಮೇಲೆ ಅಣ್ಣನನ್ನು ನೋಡಿದ. ನಮ್ಮಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ಅವನ ದೊಡ್ಡ ರೋಗ. ಕಿಸೆಯಿಂದ ಎರಡು ಮಣ್ಣಿನ ಕಾಲು ತೆಗೆದು ಮಣೆಯ ಮೇಲೆ ಇಟ್ಟ. ಆರು ತಿಂಗಳ ಕೆಳಗೆ ಆದದ್ದೇ ಮತ್ತೆ ಆಯಿತು, ಇನ್ನು ಮುರಿಗೆವ್ವ ಅಥಣಿಗೇ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಸೈಫುದ್ದೀನ ಹೋಳಿಗೆ ಆಮೇಲೆ ತಿನ್ನುತ್ತೇನೆಂದು ಮೆತ್ತಗೆ ಜಾರಿದ.

ಮಾವ ಮಗಳ ಕಡೆ ತಿರುಗಿದ. "ನಿನಗ ಗೊತ್ತಿತ್ತಲಾ?"

"ಬಾಗಲದಾಗ ಗೊತ್ತಾತು," ಅಂದಳು ಮುರಿಗೆವ್ವ. "ಯಾರ ಕೈಯಾಗ ಬಂದಾದು ಅನ್ನೂದೂ ಗೊತ್ತಿತ್ತು. ಅದಕ್ಕ ಬೆಳಗಿದೆ, ಅಪ್ಪಾ."

ಮಾವ ಎದ್ದು, ಧೂಳು ಕೊಡವಿ, ಅಣ್ಣನನ್ನು ಹಿತ್ತಲ ಕೊಟ್ಟಿಗೆಗೆ ಕರೆದ. ಹೊಡೆದಾಟವಾದರೆ ಬಿಡಿಸಲು ಇರಲಿ ಎಂದು ನಾನೂ ಹಿಂದೆ ಹೋದೆ. ಆಕಳು ಬಾಲ ಬೀಸುತ್ತ ನಿಂತಿತ್ತು. ಅಣ್ಣ ತಲೆ ತಗ್ಗಿಸಿ, ನೌಕರಿ ಬಿಟ್ಟು ಅಂಗಡಿಗೆ ಬರುತ್ತೇನೆ ಎಂದ.

ಅದು ಆಮೇಲೆ ಎಂದು ಮಾವ ಕೈ ಅಡ್ಡ ಮಾಡಿದ. "ಮದಲ ಹೇಳು. ನೀ ಮಾಡಿದ ಪಂಗಡದಾಗ ನಾ ಯಾವದು?"

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಉಪಯೋಗವಾಗಲಿಲ್ಲ.

"ಬಂದ್ರ ಏಳದ ಪಂಗಡಾ, ಮಾವಾ."

ಮಾವನ ಮೀಸೆ ಕುಣಿಯಿತು. ಅಣ್ಣ ಆಕಳ ಮೈಮೇಲಿಂದ ಒಂದು ನೊಣ ಹಿಡಿದು ಅಂಗೈ ಮೇಲೆ ಇಟ್ಟು ತೋರಿಸಿದ. ತನಗೆ ಗೊತ್ತಿದ್ದದ್ದೊಂದೇ ಮಾತು, ಅದನ್ನೇ ಹೇಳಿದ: "ಉಳದ ನೊಣಾ ತಿಪ್ಪಿಮ್ಯಾಲ ನೂರಾರು ತತ್ತಿ ಇಟ್ಟು ಹಾರಿ ಹೋಗ್ತಾವು, ಹೊಳ್ಳಿ ನೋಡೂದಿಲ್ಲ. ಇದು ಹಂಗಲ್ರಿ. ಒಂದ ಕೂಸು. ಅದನ್ನ ತನ್ನ ಒಳಗ ಇಟಗೊಂಡು, ತನ್ನ ರಕ್ತಾ ಹಾಲ ಮಾಡಿ ಕುಡಿಸಿ, ಅದಕ್ಕ ತಾನ ಬದುಕೂ ಶಕ್ತಿ ಬಂದ ಮ್ಯಾಲೇ ಇಳಸ್ತೈತಿ. ಅತ್ತಿ ಸತ್ತ ಮ್ಯಾಲ ನೀವು ಮುರಿಗೆವ್ವನ್ನ ಬೆಳಸಿದ್ದು ಹಂಗ ಅಲ್ಲೇನ್ರಿ. ಅದಕ್ಕ ಆ ಪಂಗಡಾ ಅಂದೆ."

ಹೊಲದಲ್ಲಿ ಅವನು ಅದಕ್ಕೆ ಅಂದಿದ್ದನೋ, ಬರೀ ನಗಿಸಲು ಅಂದಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಮಾತ್ರ ಅದು ಸತ್ಯವಾಗಿತ್ತು. ಮಾವ ಆ ನೊಣವನ್ನು ನೋಡಿದ, ಆಮೇಲೆ ಮನೆಯೊಳಗಿದ್ದ ಮಗಳ ಕಡೆ ನೋಡಿದ. ಅಂಗಡಿಯ ಗಾದಿ, ಅಥಣಿಯ ಹುಡುಗ, ಇವೆಲ್ಲ ಯಾತಕ್ಕೆಂದು ನನಗೆ ಆಗ ತಿಳಿಯಿತು. ಮಗಳು ಕಣ್ಣ ಮುಂದಿಂದ ಬಬಲೇಶ್ವರಕ್ಕೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ಆ ಮುದುಕನಿಗೆ. ಅಳಿಯ ಅಂಗಡಿಗೆ ಬಂದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಅಥಣಿಯ ಹೆಸರು ಬರೀ ಹೆದರಿಸಲು.

ಹೆಗಲ ಮೇಲಿನ ವಸ್ತ್ರದಿಂದ ಮಾವ ಕಣ್ಣು ಒರೆಸಿಕೊಂಡ. "ಇಳಸೂ ಹೊತ್ತು ಬಂತು ಅನ್ನು, ಹಂಗಾರ," ಅಂದ.

ನೊಣ ಅಡ್ಡಡ್ಡ ಓಡಿ ಅಂಗೈಯಿಂದ ಮುಂಗೈಗೆ ಹೋಯಿತು.

"ನೌಕರಿ ಬಿಡಬ್ಯಾಡ. ಅಡ್ಡಬಿದ್ದ ದೇವರನ್ನ ನಾಳಿ ಹುಳಾ ಅನ್ನಾಕ ನನಗಾಗೂದಿಲ್ಲ," ಅಂದ ಮಾವ. ಒಂದು ಹೆಜ್ಜೆ ಹೋಗಿ ತಿರುಗಿ ನಿಂತ. "ಆದ್ರ ಸುಗ್ಗಿಗೆ ನಾ ನಿಮ್ಮ ಮನಿಗೆ ಬರ್ತೇನಿ. ಬಂದ್ರ ಏಳಾಂಗಿಲ್ಲ ನೋಡ."

ಮರುದಿನ ಪ್ರದರ್ಶನದಲ್ಲಿ ಗೊಂಬೆ ಆರೂ ಕಾಲಿನ ಮೇಲೆ ನಿಂತಿತ್ತು. ಮುರಿಗೆವ್ವ ಹಸಿಮಣ್ಣು ಮೆತ್ತಿ ಕಾಲು ಕೂಡಿಸಿದ್ದಳು. ಹಣೆಯ ವಿಭೂತಿ ಅಳಿಸಲು ಮಾವ ಬಿಟ್ಟಿರಲಿಲ್ಲ. ಈ ನೊಣವನ್ನು ಕಂಡಲ್ಲಿ ಕೊಲ್ಲಿರಿ ಎಂದು ಡಾಕ್ಟರ್ ಸಾಹೇಬರು ಭಾಷಣ ಮಾಡಿದರು. ರೈತರು ಒಬ್ಬೊಬ್ಬರಾಗಿ ಬಂದು, ಅದಕ್ಕೆ ಕೈ ಮುಗಿದು, ಜೋಳದ ಕಾಳು ಹಾಕಿ ಹೋದರು.

ದೀಪಾವಳಿ ಕಳೆದ ಮೇಲೆ ಮದುವೆಯಾಯಿತು. ಸುಗ್ಗಿಗೆ ಮಾವ ಬಬಲೇಶ್ವರಕ್ಕೆ ಬಂದ, ಹಾಸಿಗೆ ಸಮೇತ. ಅದಾಗಿ ಎಂಟು ವರ್ಷ ಬದುಕಿದ, ಅಂಗಡಿಯನ್ನು ಯಾರಿಗೋ ವಹಿಸಿಬಿಟ್ಟ, ಮೊಮ್ಮಗಳಿಗೆ ಕಡ್ಡಿಪೆಟ್ಟಿಗೆ ತೆರೆದು ಆರು ಕಾಲು ಎಣಿಸಲು ಕಲಿಸಿದ. ಏಳಲಿಲ್ಲ.